ಅಡ್ರಿನಲ್ ಗಡ್ಡೆ: ಹಾರ್ಮೋನು ಮೊದಲು, ಸೂಜಿ ಕೊನೆಗೆ

ಪ್ರಶ್ನೆ: ನಮ್ಮ ಅಕ್ಕಗ 46 ವರ್ಷ, ಊರು ಯಾದಗಿರಿ ಜಿಲ್ಲಾ ಶಹಾಪುರ ಕಡೆ. ಆರು ವರ್ಷದಿಂದ ಬಿಪಿ ಅದ. ಅಮ್ಲೊಡಿಪಿನ್, ಟೆಲ್ಮಿಸಾರ್ಟನ್, ಮೆಟೊಪ್ರೊಲಾಲ್ ಮೂರೂ ನಡದಾವ, ಆದ್ರೂ ಒಮ್ಮೊಮ್ಮೆ 190 ದಾಟತದ. ತಲಿನೋವಿಗಿ ರಾತ್ರಿ ಅಮಿಟ್ರಿಪ್ಟಿಲಿನ್ 25 ಕೊಟ್ಟಾರ. ಹೊಟ್ಟಿನೋವು ಅಂತ ಕಲಬುರಗಿಯಾಗ ಕಾಂಟ್ರಾಸ್ಟ್ ಸಿಟಿ ಮಾಡಿಸಿದಾಗ ಬಲಗಡಿ ಅಡ್ರಿನಲ್‌ನಾಗ 5.2 ಸೆಂ.ಮೀ. ಗಡ್ಡಿ ಸಿಕ್ಕದ. ರಿಪೋರ್ಟಿನಾಗ ‘ಫಿಯೋಕ್ರೋಮೋಸೈಟೋಮಾ, ಕಾರ್ಟಿಕಲ್ ಕಾರ್ಸಿನೋಮಾ ಅಥವಾ ಕಾಂಪೋಸಿಟ್ ಟ್ಯೂಮರ್?’ ಅಂತ ಬರದಾರ. ರಕ್ತದಾಗ ನಾರ್ಮೆಟಾನೆಫ್ರಿನ್ ಮಿತಿಗಿಂತ ಎರಡು ಪಟ್ಟು ಬಂದದ. ಒಬ್ಬ ಡಾಕ್ಟರು ಸೂಜಿ ಹಾಕಿ ತುಣುಕು ತೆಗೆದು ನೋಡೋಣ ಅಂದ್ರು, ಇನ್ನೊಬ್ಬರು ನೇರ ಆಪರೇಷನ್ ಅಂದ್ರು. ಕಾಂಪೋಸಿಟ್ ಅಂದ್ರ ಏನ್ರಿ? ಯಾರ ಮಾತು ಕೇಳಬೇಕು? ಇದು ನಮಗೂ ಬರತದೇನು?

ಉತ್ತರ: ಮೊದಲು ಅವಸರದ ಮಾತು. ಈಗ ಸೂಜಿ ಬೇಡ. ಆಪರೇಷನ್ ಬೇಕಾಗುವುದು ಬಹುತೇಕ ಖಚಿತ, ಆದರೆ ಈ ವಾರವೇ ದಿನ ಗೊತ್ತುಮಾಡಬೇಡಿ. ಅಕ್ಕನ ಫೈಲಿನಲ್ಲಿ ಮೂರು ಸಂಗತಿ ಇನ್ನೂ ಬಗೆಹರಿದಿಲ್ಲ: ನಾರ್ಮೆಟಾನೆಫ್ರಿನ್ (ನಾರ್‌ಅಡ್ರಿನಾಲಿನ್ ಹಾರ್ಮೋನು ಒಡೆದಾಗ ಉಳಿಯುವ ಅಂಶ) ಏರಿದ್ದು ಗಡ್ಡೆಯಿಂದಲೋ ಗುಳಿಗೆಯಿಂದಲೋ, ಆ ಗಡ್ಡೆ ಕಾರ್ಟಿಸೋಲ್ ಎಂಬ ಹಾರ್ಮೋನನ್ನೂ ಸುರಿಸುತ್ತಿದೆಯೋ ಇಲ್ಲವೋ, ಕಾಂಟ್ರಾಸ್ಟ್ ಹಾಕುವ ಮುಂಚೆ ಅದರ ಸಾಂದ್ರತೆ ಎಷ್ಟಿತ್ತು. ಈ ಮೂರಕ್ಕೂ ಉತ್ತರ ಸಿಗಲು ಮೂರು ವಾರ ಸಾಕು.

ಸೂಜಿ ಯಾಕೆ ಬೇಡ? ಫಿಯೋಕ್ರೋಮೋಸೈಟೋಮಾ ಎಂದರೆ ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್ ತುಂಬಿದ ಗಡ್ಡೆ. ಸೂಜಿ ಚುಚ್ಚಿದರೆ ಆ ಹಾರ್ಮೋನು ಒಮ್ಮೆಲೇ ರಕ್ತಕ್ಕೆ ನುಗ್ಗಬಹುದು. ಬಿಪಿ 250 ದಾಟಿ ಮೆದುಳಿನಲ್ಲಿ ರಕ್ತಸ್ರಾವವಾದ, ಹೃದಯ ಸೋತ ಪ್ರಕರಣಗಳಿವೆ. ಗಡ್ಡೆ ಕಾರ್ಟೆಕ್ಸಿನ, ಅಂದರೆ ಗ್ರಂಥಿಯ ಹೊರಪದರದ, ಕ್ಯಾನ್ಸರ್ ಆಗಿದ್ದರೆ ಸೂಜಿ ಹಾಯ್ದ ದಾರಿಯಲ್ಲಿ ಕಣಗಳು ಚೆಲ್ಲುವ ಭಯ ಬೇರೆ. ಇಷ್ಟು ಅಪಾಯ ಮೈಮೇಲೆ ಎಳೆದುಕೊಂಡರೂ ಸಿಗುವ ಉತ್ತರ ಅಪೂರ್ಣವೇ. ದಾರದಷ್ಟು ಸಣ್ಣ ತುಣುಕಿನಲ್ಲಿ ಅಡಿನೋಮಾ (ಹರಡದ ಸಾಧು ಗಡ್ಡೆ) ಮತ್ತು ಕಾರ್ಸಿನೋಮಾ (ಕ್ಯಾನ್ಸರ್) ಬೇರ್ಪಡಿಸುವುದು ಕಷ್ಟ. ಎರಡು ಬಗೆಯ ಜೀವಕೋಶ ಇರುವ ಗಡ್ಡೆಯಲ್ಲಂತೂ ಸೂಜಿ ಯಾವ ಭಾಗಕ್ಕೆ ಬಿತ್ತೋ ಆ ಭಾಗದ ಹೆಸರು ಮಾತ್ರ ರಿಪೋರ್ಟಿಗೆ ಬರುತ್ತದೆ.

ಕಾಂಪೋಸಿಟ್ ಎಂದರೆ ಏನೆಂದು ಕೇಳಿದ್ದೀರಿ. ಅಡ್ರಿನಲ್ ಗ್ರಂಥಿ ಒಂದೊಂದು 4-5 ಗ್ರಾಂ ತೂಕ, ಮೂತ್ರಪಿಂಡದ ತಲೆಯ ಮೇಲೆ ಟೊಪ್ಪಿಗೆಯ ಹಾಗೆ ಕೂತಿರುತ್ತದೆ. ಹೊರಗಿನ ಹಳದಿ ಪದರ ಕಾರ್ಟೆಕ್ಸ್. ಕಾರ್ಟಿಸೋಲ್, ಆಲ್ಡೋಸ್ಟೆರಾನ್, ಸ್ವಲ್ಪ ಗಂಡು ಹಾರ್ಮೋನು ತಯಾರಾಗುವುದು ಅಲ್ಲಿ. ಒಳಗಿನ ಕಂದು ತಿರುಳು ಮೆಡುಲ್ಲಾ; ಅಡ್ರಿನಾಲಿನ್ ಅಲ್ಲಿಂದ ಬರುತ್ತದೆ. ಎರಡೂ ಒಂದೇ ಸೂರಿನಡಿ ಇದ್ದರೂ ಭ್ರೂಣದಲ್ಲಿ ಅವುಗಳ ಮೂಲ ಬೇರೆ ಬೇರೆ. ಮೆಡುಲ್ಲಾದ ಕಣಗಳು ನರವ್ಯೂಹ ಹುಟ್ಟುವ ಅಂಚಿನ ಅಂಗಾಂಶದಿಂದ, ಅಂದರೆ ನ್ಯೂರಲ್ ಕ್ರೆಸ್ಟಿನಿಂದ ಬಂದವು. ನರಗಂಟಿನ ಗ್ಯಾಂಗ್ಲಿಯಾನ್ ಕಣ, ನರದ ಹೊದಿಕೆ ಕಟ್ಟುವ ಶ್ವಾನ್ ಕಣ ಕೂಡ ಅದೇ ಬಳ್ಳಿಯ ಕಾಯಿಗಳು. ಹಾಗಾಗಿ ಒಮ್ಮೊಮ್ಮೆ ಫಿಯೋಕ್ರೋಮೋಸೈಟೋಮಾದ ಒಳಗೇ ಈ ದಾಯಾದಿಗಳೂ ಬೆಳೆಯುತ್ತವೆ. ಅದಕ್ಕೆ ಕಾಂಪೋಸಿಟ್ ಫಿಯೋಕ್ರೋಮೋಸೈಟೋಮಾ ಎನ್ನುತ್ತಾರೆ. ಫಿಯೋಕ್ರೋಮೋಸೈಟೋಮಾವೇ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 2ರಿಂದ 8 ಮಂದಿಗೆ ಬರುವ ಕಾಯಿಲೆ. ಅದರಲ್ಲಿ ನೂರಕ್ಕೆ 3ರಿಂದ 9 ಮಾತ್ರ ಕಾಂಪೋಸಿಟ್. ಜೊತೆಗಿರುವ ಭಾಗ ಹತ್ತರಲ್ಲಿ ಏಳೆಂಟು ಸಲ ಗ್ಯಾಂಗ್ಲಿಯೋನ್ಯೂರೋಮಾ, ಅಂದರೆ ಸಾಧು ಸ್ವಭಾವದ್ದು. ಉಳಿದಂತೆ ಗ್ಯಾಂಗ್ಲಿಯೋನ್ಯೂರೋಬ್ಲಾಸ್ಟೋಮಾ, ನ್ಯೂರೋಬ್ಲಾಸ್ಟೋಮಾ, ನರದ ಹೊದಿಕೆಯ ಕ್ಯಾನ್ಸರ್ ಇರಬಹುದು. ಇವು ಬಹಳ ವಿರಳ, ಆದರೆ ಇದ್ದರೆ ಮುಂದಿನ ಚಿಕಿತ್ಸೆಯ ದಿಕ್ಕೇ ಬದಲಾಗುತ್ತದೆ.

ಇದನ್ನು ಇನ್ನೆರಡರ ಜೊತೆ ಗೊಂದಲ ಮಾಡಿಕೊಳ್ಳಬಾರದು. ಒಂದು ಕೊಲಿಷನ್ ಟ್ಯೂಮರ್. ನಮ್ಮ ಕಡೆಯ ಹೊಲದ ಲೆಕ್ಕದಲ್ಲಿ ಹೇಳುವುದಾದರೆ, ಅಕ್ಕಪಕ್ಕದ ಎರಡು ಹೊಲ, ನಡುವೆ ಬದು. ಅಡಿನೋಮಾದ ಪಕ್ಕ ಕೊಬ್ಬಿನ ಮೈಲೋಲಿಪೋಮಾ, ಅಡಿನೋಮಾದ ಪಕ್ಕ ಬೇರೆ ಅಂಗದಿಂದ ಬಂದ ಕ್ಯಾನ್ಸರಿನ ತುಣುಕು, ಹೀಗೆ. ಕಾಂಪೋಸಿಟ್‌ನಲ್ಲಿ ಬದು ಇಲ್ಲ. ತೊಗರಿಯೊಳಗೆ ಹೆಸರು ಕಲಸಿ ಚೆಲ್ಲಿದ ಹೊಲದ ಹಾಗೆ ಕಣಗಳು ಒಂದರೊಳಗೊಂದು ಬೆರೆತಿರುತ್ತವೆ. ಇನ್ನೊಂದು ಕಾರ್ಟಿಕೋಮೆಡುಲ್ಲರಿ ಮಿಶ್ರ ಗಡ್ಡೆ. ಅಲ್ಲಿ ಬೇರೆ ಬೇರೆ ಮೂಲದ ಕಾರ್ಟೆಕ್ಸ್ ಕಣ, ಮೆಡುಲ್ಲಾ ಕಣ ಒಂದೇ ಗಡ್ಡೆಯಲ್ಲಿ ಹೆಣೆದುಕೊಂಡಿರುತ್ತವೆ. ಇಡೀ ವೈದ್ಯ ಸಾಹಿತ್ಯದಲ್ಲೇ ಇಂಥವು ಕೆಲವೇ ಕೆಲವು.

ಈ ಯಾವ ಹೆಸರನ್ನೂ ಸ್ಕ್ಯಾನು ಖಚಿತವಾಗಿ ಹೇಳಲಾರದು. ರೇಡಿಯಾಲಜಿಸ್ಟ್ ಹಾಕಿದ ಆ ಪ್ರಶ್ನಾರ್ಥಕ ಚಿಹ್ನೆ ಪ್ರಾಮಾಣಿಕವಾದದ್ದು. ಗಡ್ಡೆ ಹೊರಬಂದು, ಹೋಳಾಗಿ, ಮೈಕ್ರೋಸ್ಕೋಪಿನ ಕೆಳಗೆ ಬಿದ್ದಾಗಲೇ ಕಾಂಪೋಸಿಟ್ ಹೌದೋ ಅಲ್ಲವೋ ತೀರ್ಮಾನ. ಆಪರೇಷನ್‌ಗೆ ಮುಂಚೆ ತಿಳಿಯಬೇಕಾದದ್ದು ಬೇರೆ: ಈ ಗಡ್ಡೆ ಏನನ್ನು ಸುರಿಸುತ್ತಿದೆ?

ನಾರ್ಮೆಟಾನೆಫ್ರಿನ್‌ನಿಂದ ಶುರು ಮಾಡೋಣ. ಎರಡು ಪಟ್ಟು ಏರಿಕೆ ಅನುಮಾನದ ವಲಯ. ಮೂರು-ನಾಲ್ಕು ಪಟ್ಟು ದಾಟಿದರೆ ಹೆಚ್ಚು ಚರ್ಚೆ ಉಳಿಯುವುದಿಲ್ಲ. ಅಕ್ಕ ತೆಗೆದುಕೊಳ್ಳುತ್ತಿರುವ ಅಮಿಟ್ರಿಪ್ಟಿಲಿನ್ ನರದ ತುದಿಯಲ್ಲಿ ನಾರ್‌ಅಡ್ರಿನಾಲಿನ್ ಮರಳಿ ಒಳಹೋಗುವುದನ್ನು ತಡೆಯುತ್ತದೆ. ಗಡ್ಡೆ ಇಲ್ಲದವರಲ್ಲೂ ಇಷ್ಟು ಏರಿಕೆ ಅದರಿಂದಲೇ ಬರಬಲ್ಲದು. ಅದೂ ಅಲ್ಲದೆ, ನಿಜವಾಗಿ ಫಿಯೋಕ್ರೋಮೋಸೈಟೋಮಾ ಇದ್ದರೆ ಆ ಗುಳಿಗೆ ಬಿಪಿಯನ್ನು ಕೆರಳಿಸುತ್ತದೆ. ಎರಡೂ ಕಾರಣಕ್ಕೆ ವೈದ್ಯರಿಗೆ ಹೇಳಿ ಅದನ್ನು ನಿಲ್ಲಿಸಿ, ಕನಿಷ್ಠ ಎರಡು ವಾರ ಬಿಟ್ಟು ಪರೀಕ್ಷೆ ಮತ್ತೆ ಮಾಡಿಸಿ. ಖಿನ್ನತೆಗೆ, ನರದ ಉರಿಗೆ ಕೊಡುವ ವೆನ್ಲಾಫಾಕ್ಸಿನ್, ಡುಲೊಕ್ಸೆಟಿನ್ ಕೂಡ ಇದೇ ಗೋಜಲು ಮಾಡುತ್ತವೆ. ಲ್ಯಾಬಿನ ವಿಧಾನ ಹಳೆಯದಾಗಿದ್ದರೆ ಪ್ಯಾರಾಸಿಟಮಾಲ್, ಲ್ಯಾಬೆಟಲಾಲ್ ಸಹ ಅಂಕಿ ಕೆಡಿಸುತ್ತವೆ. ಮಾಸ್ ಸ್ಪೆಕ್ಟ್ರೋಮೆಟ್ರಿ ಇರುವ ಲ್ಯಾಬಿಗೆ ಮಾದರಿ ಹೋಗುತ್ತದೆಯೇ ಎಂದು ಮೊದಲೇ ಕೇಳಿ.

ರಕ್ತ ತೆಗೆಯುವ ಕ್ರಮವೂ ಅಷ್ಟೇ ಮುಖ್ಯ. ಮೆಟ್ಟಿಲು ಹತ್ತಿ ಬಂದು, ಕುರ್ಚಿಯಲ್ಲಿ ಕೂತು, ಚಹಾ ಕುಡಿದ ಬಾಯಿ ಒಣಗುವ ಮುಂಚೆ ರಕ್ತ ಕೊಟ್ಟರೆ ನಾರ್ಮೆಟಾನೆಫ್ರಿನ್ ಏರದೆ ಇನ್ನೇನಾಗುತ್ತದೆ? ರಾತ್ರಿಯಿಂದ ಉಪವಾಸ, ಚಹಾ, ಕಾಫಿ, ತಂಬಾಕು ಬಂದ್. ಮಂಚದ ಮೇಲೆ ಅಂಗಾತ ಮಲಗಿಸಿ, ಬೆಚ್ಚಗಿನ ಕೋಣೆಯಲ್ಲಿ 20-30 ನಿಮಿಷ ಸುಮ್ಮನೆ ಬಿಟ್ಟು, ಮಲಗಿದಲ್ಲೇ ರಕ್ತ ತೆಗೆಯಬೇಕು. ಸೂಜಿ ಚುಚ್ಚಿದ ನೋವೂ ಲೆಕ್ಕಕ್ಕೆ ಬರುವುದರಿಂದ ಕ್ಯಾನ್ಯುಲಾ ಮೊದಲೇ ಹಾಕಿಟ್ಟರೆ ಉತ್ತಮ. ಇಡಿಟಿಎ ಟ್ಯೂಬು, ಕೂಡಲೇ ಐಸು, ಬೇಗ ಪ್ಲಾಸ್ಮಾ ಬೇರ್ಪಡಿಸಿ ಫ್ರೀಜ್. ಕಲಬುರಗಿ, ಯಾದಗಿರಿಯ ಸಂಗ್ರಹ ಕೇಂದ್ರಗಳಿಂದ ಈ ಮಾದರಿ ದೂರದ ದೊಡ್ಡ ಲ್ಯಾಬಿಗೆ ಹೋಗುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಐಸು ಕರಗಿದ ಪೆಟ್ಟಿಗೆಯೊಳಗೆ ಏನಾಯಿತೆಂದು ರಿಪೋರ್ಟು ಹೇಳುವುದಿಲ್ಲ.

ಅದಕ್ಕೇ ನನ್ನ ಅಭಿಪ್ರಾಯ: ಮಂಚ ಮತ್ತು ಸೆಂಟ್ರಿಫ್ಯೂಜ್ ಎರಡೂ ಇಲ್ಲದ ಕೇಂದ್ರವಾದರೆ ರಕ್ತದ ಗೊಡವೆ ಬಿಡಿ, 24 ಗಂಟೆಯ ಮೂತ್ರದಲ್ಲಿ ಫ್ರ್ಯಾಕ್ಷನೇಟೆಡ್ ಮೆಟಾನೆಫ್ರಿನ್ (ಮೆಟಾನೆಫ್ರಿನ್, ನಾರ್ಮೆಟಾನೆಫ್ರಿನ್ ಎರಡನ್ನೂ ಬೇರೆ ಬೇರೆ ಅಳೆಯುವ ಪರೀಕ್ಷೆ) ಮಾಡಿಸಿ. ಸರಿಯಾಗಿ ಹಿಡಿದ ಮೂತ್ರ, ಕುರ್ಚಿಯಲ್ಲಿ ತೆಗೆದ ರಕ್ತಕ್ಕಿಂತ ನಂಬಲರ್ಹ. ಬೆಳಿಗ್ಗೆ 6ಕ್ಕೆ ಎದ್ದು ಮೊದಲ ಮೂತ್ರ ಪಾಯಖಾನೆಗೆ ಬಿಡಿ. ಅಲ್ಲಿಂದ ಮುಂದಿನ ಪ್ರತಿ ಹನಿ ಕ್ಯಾನಿಗೆ, ಮರುದಿನ ಬೆಳಿಗ್ಗೆ 6ರ ಮೂತ್ರವೂ ಸೇರಿ. ಕ್ಯಾನಿನಲ್ಲಿ ಲ್ಯಾಬಿನವರು ಹಾಕಿದ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ, ಚರ್ಮ ಸುಡುತ್ತದೆ. ನೇರವಾಗಿ ಕ್ಯಾನಿಗೆ ಹೋಗಬಾರದು. ಬೇರೆ ಮಗ್ಗಿನಲ್ಲಿ ಹಿಡಿದು ನಿಧಾನ ಸುರಿಯಬೇಕು. ಕ್ಯಾನು ನೆರಳಿನಲ್ಲಿ, ಸಾಧ್ಯವಾದರೆ ಐಸಿನಲ್ಲಿ. ರಿಪೋರ್ಟಿನಲ್ಲಿ ಒಟ್ಟು ಪ್ರಮಾಣ ಮತ್ತು ಕ್ರಿಯಾಟಿನಿನ್ ಎರಡೂ ಬರಬೇಕೆಂದು ಹೇಳಿ. 50 ಕೆ.ಜಿ. ತೂಕದ ಹೆಣ್ಣುಮಗಳಿಗೆ ದಿನದ ಕ್ರಿಯಾಟಿನಿನ್ ಸುಮಾರು 600ರಿಂದ 1000 ಮಿ.ಗ್ರಾಂ. 300 ಬಂದಿದ್ದರೆ ಅರ್ಧ ಮೂತ್ರ ಕ್ಯಾನಿಗೆ ಬಿದ್ದೇ ಇಲ್ಲ. ಆ ‘ನಾರ್ಮಲ್’ ನಂಬಬೇಡಿ. ವಿಎಂಎ ಎಂಬ ಹಳೆಯ ಪರೀಕ್ಷೆ ಅಗ್ಗವಾಗಿ ಸಿಗುತ್ತದೆ, ಆದರೆ ಅದು ನಿಜವಾದ ಗಡ್ಡೆಯನ್ನೇ ತಪ್ಪಿಸುವಷ್ಟು ಸಡಿಲ.

ಮೆಟಾನೆಫ್ರಿನ್ ಉತ್ತರ ಕೈಗೆ ಬಂದ ಮೇಲೆ, ಕಾರ್ಟಿಸೋಲ್ ತಿಳಿಯಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಗುಳಿಗೆಯ ಪರೀಕ್ಷೆ. ಈ ಕ್ರಮ ತಿರುವುಮುರುವು ಮಾಡಬೇಡಿ. ಸ್ಟೀರಾಯ್ಡಿನಿಂದ ಫಿಯೋಕ್ರೋಮೋಸೈಟೋಮಾ ಕೆರಳಿದ ವರದಿಗಳಿವೆ, ಹೆಚ್ಚಿನವು ದೊಡ್ಡ ಡೋಸಿನಲ್ಲಿ. ರಾತ್ರಿ 11ಕ್ಕೆ 1 ಮಿ.ಗ್ರಾಂ, ಅಂದರೆ 0.5ರ ಎರಡು ಗುಳಿಗೆ. ಮರುದಿನ ಬೆಳಿಗ್ಗೆ 8-9ರ ನಡುವೆ ರಕ್ತದ ಕಾರ್ಟಿಸೋಲ್. ಡೆಸಿಲೀಟರಿಗೆ 1.8 ಮೈಕ್ರೋಗ್ರಾಂ ಅಥವಾ ಕಡಿಮೆ ಇದ್ದರೆ ಗಡ್ಡೆ ಕಾರ್ಟಿಸೋಲನ್ನು ತನ್ನಿಷ್ಟಕ್ಕೆ ಸುರಿಸುತ್ತಿಲ್ಲ. ಹೆಚ್ಚಿದ್ದರೆ ಎಸಿಟಿಎಚ್ (ಕಾರ್ಟಿಸೋಲ್ ತಯಾರಿಸಲು ಕಾರ್ಟೆಕ್ಸಿಗೆ ಆಜ್ಞೆ ಕೊಡುವ ಹಾರ್ಮೋನು) ನೋಡಬೇಕು. ಎಸಿಟಿಎಚ್ ತಗ್ಗಿದ್ದರೆ ಕಾರ್ಟಿಸೋಲ್ ಗಡ್ಡೆಯದೇ. ಏರಿದ್ದರೆ, ಫಿಯೋಕ್ರೋಮೋಸೈಟೋಮಾವೇ ಎಸಿಟಿಎಚ್ ಸುರಿಸಿ ಎರಡೂ ಕಡೆಯ ಕಾರ್ಟೆಕ್ಸನ್ನು ಹಿಗ್ಗಿಸುತ್ತಿರುವ ಅಪರೂಪದ ಸಂಗತಿಯೂ ಇರಬಹುದು. ಇಲ್ಲಿ ಎರಡು ಕಡೆ ಎಡವುತ್ತಾರೆ. ಟಿಬಿಗೆ ರಿಫಾಂಪಿಸಿನ್, ಫಿಟ್ಸಿಗೆ ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಡೆಕ್ಸಾಮೆಥಾಸೋನ್ ಬೇಗ ಕರಗಿಹೋಗಿ ಕಾರ್ಟಿಸೋಲ್ ಸುಳ್ಳಾಗಿ ಏರಿದಂತೆ ಕಾಣುತ್ತದೆ. ಮೊಣಕಾಲು ನೋವಿಗೆಂದು ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಕಾರ್ಟಿಸೋಲ್, ಎಸಿಟಿಎಚ್ ಎರಡೂ ನೆಲಕಚ್ಚುತ್ತವೆ. ಅಕ್ಕ ಅಂಥದ್ದೇನಾದರೂ ನುಂಗುತ್ತಿದ್ದರೆ ನಾಚಿಕೆಯಿಲ್ಲದೆ ಹೇಳಲಿ.

ಕಾರ್ಟಿಸೋಲ್ ಮುಂಚೆಯೇ ತಿಳಿಯಬೇಕು, ಯಾಕೆಂದರೆ ಗಡ್ಡೆ ಅದನ್ನು ಸುರಿಸುತ್ತಿದ್ದರೆ ಎಡಗಡೆಯ ಒಳ್ಳೆಯ ಗ್ರಂಥಿ ನಿದ್ದೆಗೆ ಜಾರಿರುತ್ತದೆ. ಗಡ್ಡೆ ತೆಗೆದ ದಿನ ಹೈಡ್ರೋಕಾರ್ಟಿಸೋನ್ ಆಸರೆ ಕೊಡದಿದ್ದರೆ ಬಿಪಿ ಕುಸಿಯುತ್ತದೆ. ಫಿಯೋಕ್ರೋಮೋಸೈಟೋಮಾ ಎಂದೇ ಆಪರೇಷನ್ ಮಾಡಿದ ಗಡ್ಡೆ ಮಿಶ್ರವಾಗಿದ್ದರೆ ಈ ಕುಸಿತ ಯಾಕೆಂದು ತಕ್ಷಣ ಹೊಳೆಯುವುದೂ ಇಲ್ಲ.

ಆಲ್ಡೋಸ್ಟೆರಾನ್-ರೆನಿನ್ ಅನುಪಾತವನ್ನೂ, ಪೊಟ್ಯಾಸಿಯಂ ಸರಿಮಾಡಿಕೊಂಡು, ಒಮ್ಮೆ ನೋಡಿ. ಆಲ್ಡೋಸ್ಟೆರಾನ್ ಗಡ್ಡೆಗಳು ಸಾಮಾನ್ಯವಾಗಿ 2 ಸೆಂ.ಮೀ. ಒಳಗಿನವು, ಇಲ್ಲಿ ಸಂಭವ ಕಡಿಮೆ. ಮೆಟೊಪ್ರೊಲಾಲ್ ರೆನಿನ್ ತಗ್ಗಿಸುತ್ತದೆ, ಟೆಲ್ಮಿಸಾರ್ಟನ್ ಏರಿಸುತ್ತದೆ. ಅಂಕಿ ಓದುವಾಗ ಇದು ನೆನಪಿರಲಿ. ಮುಖದ ಮೇಲೆ ಕೂದಲು, ದನಿ ಒಡೆಯುವುದು, ತಿಂಗಳುಗಳಲ್ಲೇ ಮುಖ ಊದುವುದು ಇದ್ದರೆ ಗಂಡು ಹಾರ್ಮೋನುಗಳಾದ ಡಿಎಚ್‌ಇಎ-ಎಸ್ ಮತ್ತು ಟೆಸ್ಟೋಸ್ಟೆರಾನ್ ಮರೆಯಬಾರದು, ಅದು ಕಾರ್ಟಿಕಲ್ ಕಾರ್ಸಿನೋಮಾದ ಸುಳಿವು. ದಿನಕ್ಕೆ ಲೀಟರುಗಟ್ಟಲೆ ನೀರುಭೇದಿ ಮತ್ತು ಪೊಟ್ಯಾಸಿಯಂ ಕುಸಿತ ಒಟ್ಟಿಗೆ ಬಂದರೆ, ಗಡ್ಡೆಯಲ್ಲಿರುವ ಗ್ಯಾಂಗ್ಲಿಯೋನ್ಯೂರೋಮಾ ಭಾಗ ವಿಐಪಿ ಎಂಬ ಹಾರ್ಮೋನು ಸುರಿಸುತ್ತಿರಬಹುದು. ಆಪರೇಷನ್‌ಗೆ ಮುಂಚೆ ಕಾಂಪೋಸಿಟ್ ಎಂದು ಧೈರ್ಯವಾಗಿ ಊಹಿಸಲು ಸಿಗುವ ಕೆಲವೇ ಸುಳಿವುಗಳಲ್ಲಿ ಇದೊಂದು.

ಸಿಟಿ ವಿಚಾರಕ್ಕೆ ಬರೋಣ. ನೇರವಾಗಿ ಕಾಂಟ್ರಾಸ್ಟ್ ಹಾಕಿ ತೆಗೆದದ್ದರಿಂದ ಬಹುಮುಖ್ಯ ಅಂಕಿಯೇ ಕೈತಪ್ಪಿದೆ. ಅಡ್ರಿನಲ್‌ಗೆ ಮೊದಲು ಬೇಕಾದದ್ದು ಸಾದಾ ಸಿಟಿ. ಗಡ್ಡೆಯ ಮೂರನೇ ಎರಡು ಭಾಗ ಮುಚ್ಚುವಷ್ಟು ವೃತ್ತ ಇಟ್ಟು, ಅಂಚು ಮುಟ್ಟದೆ, ಕ್ಯಾಲ್ಸಿಯಂ ಚುಕ್ಕಿ ತಪ್ಪಿಸಿ ಹೌನ್ಸ್‌ಫೀಲ್ಡ್ (ಸಿಟಿಯಲ್ಲಿ ಸಾಂದ್ರತೆಯ ಅಂಕಿ) ಅಳೆಯುತ್ತಾರೆ. ಒಂದೇ ಸಮನಾಗಿದ್ದು 10 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ಕೊಬ್ಬಿನಂಶದ ಅಡಿನೋಮಾ. ಫಿಯೋಕ್ರೋಮೋಸೈಟೋಮಾ ಆ ಮಟ್ಟಕ್ಕೆ ಇಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಸೊನ್ನೆಗಿಂತ ಎಷ್ಟೋ ಕೆಳಗೆ, ಮೈನಸ್ 30, ಮೈನಸ್ 80 ಬಂದರೆ ಮೈಲೋಲಿಪೋಮಾದ ಕೊಬ್ಬು. 20ರ ಮೇಲಿದ್ದರೆ, ಅಥವಾ ಗಡ್ಡೆ 4 ಸೆಂ.ಮೀ. ದಾಟಿ ಒಳಗೆ ಏರುಪೇರಾಗಿದ್ದರೆ ಎಚ್ಚರ. ಗಡ್ಡೆಯಲ್ಲಿ ಎರಡು ಬಣ್ಣ ಕಂಡರೆ ಸರಾಸರಿ ಒಂದು ಅಂಕಿ ಬರೆಯುವುದು ತಪ್ಪು, ಎರಡನ್ನೂ ಬೇರೆ ಬೇರೆ ಅಳೆಯಿರಿ ಎಂದು ಕೇಳಬೇಕು.

ಹೀರಿದ ಕಾಂಟ್ರಾಸ್ಟ್ ಎಷ್ಟು ಇಳಿಯಿತು ಎಂಬ ವಾಶ್‌ಔಟ್ ಲೆಕ್ಕವನ್ನೂ ರಿಪೋರ್ಟಿನಲ್ಲಿ ಕಾಣುತ್ತೀರಿ. ಉದಾಹರಣೆಗೆ ಸಾದಾ 34, ಕಾಂಟ್ರಾಸ್ಟ್ ಹಾಕಿದ ಒಂದು ನಿಮಿಷಕ್ಕೆ 92, 15 ನಿಮಿಷಕ್ಕೆ 61 ಎಂದಿಟ್ಟುಕೊಳ್ಳಿ. ಇಳಿದದ್ದು 31, ಏರಿದ್ದು 58. ವಾಶ್‌ಔಟ್ 53 ಶೇಕಡಾ. 60 ದಾಟಿದರೆ ಅಡಿನೋಮಾ ಎನ್ನುವುದು ರೂಢಿ. ಆದರೆ ಫಿಯೋಕ್ರೋಮೋಸೈಟೋಮಾ ಕೂಡ ಎಷ್ಟೋ ಸಲ ಅಡಿನೋಮಾದ ಹಾಗೆಯೇ ತೊಳೆದುಹೋಗುತ್ತದೆ, ಆದ್ದರಿಂದ ವಾಶ್‌ಔಟ್ ಚೆನ್ನಾಗಿದೆ ಎಂದು ಮೆಟಾನೆಫ್ರಿನ್ ಬಿಡುವುದು ಅಪಾಯ. ಗ್ಯಾಂಗ್ಲಿಯೋನ್ಯೂರೋಮಾ ನಿಧಾನವಾಗಿ, ತಡವಾಗಿ ಕಾಂಟ್ರಾಸ್ಟ್ ಹೀರುತ್ತದೆ. ಅದರಲ್ಲಿ ಸಣ್ಣ ಕ್ಯಾಲ್ಸಿಯಂ ಚುಕ್ಕಿಗಳೂ ಇರುತ್ತವೆ. ಎಂಆರ್‌ಐನಲ್ಲಿ ಟಿ2 ಚಿತ್ರದಲ್ಲಿ ಬಲ್ಬಿನಂತೆ ಬೆಳಗಿದರೆ ಫಿಯೋಕ್ರೋಮೋಸೈಟೋಮಾ ಎಂಬ ಹಳೆಯ ಮಾತನ್ನು ಅರ್ಧದಷ್ಟೇ ನಂಬಿ. ಎಫ್‌ಡಿಜಿ ಪೆಟ್ ಸ್ಕ್ಯಾನಿಗೆ ಈಗಲೇ ಹೈದರಾಬಾದಿಗೆ ಓಡಬೇಕಿಲ್ಲ. ಫಿಯೋಕ್ರೋಮೋಸೈಟೋಮಾ, ಕಾರ್ಸಿನೋಮಾ, ಹರಡಿದ ಕ್ಯಾನ್ಸರ್ ಮೂರೂ ಅದರಲ್ಲಿ ಹೊಳೆಯುತ್ತವೆ. ಮೆಟಾನೆಫ್ರಿನ್ ಖಚಿತವಾಗಿ, ಗಡ್ಡೆ ಬೇರೆಡೆ ಇದೆಯೇ ಎಂಬ ಸಂಶಯ ಬಂದರೆ ಗ್ಯಾಲಿಯಂ ಡೊಟಾಟೇಟ್ ಪೆಟ್ ಅಥವಾ ಎಂಐಬಿಜಿ ಸ್ಕ್ಯಾನಿಗೆ ಅರ್ಥವಿದೆ. ಎಂಐಬಿಜಿಗೆ ಮುಂಚೆ ಥೈರಾಯ್ಡ್ ಕಾಪಾಡಲು ಅಯೋಡಿನ್ ದ್ರಾವಣ ಕೊಡುತ್ತಾರೆ. ಲ್ಯಾಬೆಟಲಾಲ್, ಅಮಿಟ್ರಿಪ್ಟಿಲಿನ್ ನಡೆಯುತ್ತಿದ್ದರೆ ಆ ಚಿತ್ರವೂ ಸುಳ್ಳು ಹೇಳುತ್ತದೆ.

ಹಾಗಾದರೆ ಅಡ್ರಿನಲ್‌ಗೆ ಸೂಜಿ ಯಾವತ್ತೂ ಬೇಡವೇ? ಬೇಕಾಗುವ ಸಂದರ್ಭಗಳಿವೆ. ಎರಡೂ ಕಡೆ ಗಡ್ಡೆ, ತೂಕ ಇಳಿಕೆ, ಮೈ ಕಪ್ಪಾಗುವುದು, ಬಿಪಿ ತಗ್ಗು, ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು: ಇದು ನಮ್ಮ ದೇಶದಲ್ಲಿ ಟಿಬಿಯ ಅಥವಾ ಹಿಸ್ಟೋಪ್ಲಾಸ್ಮಾ ಎಂಬ ಬೂಷ್ಟಿನ ಚಿತ್ರ; ಒಮ್ಮೊಮ್ಮೆ ಲಿಂಫೋಮಾ. ಅಲ್ಲಿ ಮೆಟಾನೆಫ್ರಿನ್ ನಾರ್ಮಲ್ ಎಂದು ನೋಡಿಕೊಂಡು, ಬೆಳಗಿನ ಕಾರ್ಟಿಸೋಲ್ ಪರೀಕ್ಷಿಸಿ, ಆಮೇಲೆ ಸೂಜಿ. ತೆಗೆದ ತುಣುಕನ್ನೆಲ್ಲ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಟಿಬಿ, ಬೂಷ್ಟಿನ ಕಲ್ಚರ್ ಆಗುವುದಿಲ್ಲ. ಒಂದು ತುಣುಕು ಸಲೈನಿನಲ್ಲಿ ಬೇರೆ ಹೋಗಬೇಕು. ಕಾರ್ಟಿಸೋಲ್ ಕಡಿಮೆ ಇರುವವರಿಗೆ ಸ್ಟೀರಾಯ್ಡ್ ಆಸರೆ ಇಲ್ಲದೆ ರಿಫಾಂಪಿಸಿನ್ ಶುರು ಮಾಡಿದರೆ ಜೀವಕ್ಕೇ ಬರುತ್ತದೆ. ಇನ್ನು ಕುರಿ, ನಾಯಿ ಜೊತೆ ಬದುಕುವ ಮನೆಗಳವರಲ್ಲಿ ನೀರಗುಳ್ಳೆಯಂಥ ಗಡ್ಡೆ ಕಂಡರೆ ಹೈಡಾಟಿಡ್ ಹುಳುವಿನದೇ ಎಂದು ನೋಡದೆ ಚುಚ್ಚಬಾರದು. ಅಕ್ಕನದು ಒಂದೇ ಕಡೆಯ ಗಡ್ಡೆ, ಬಿಪಿ ಮೇಲೆ. ಈ ಗುಂಪಿಗೆ ಸೇರುವುದಿಲ್ಲ.

ಮೆಟಾನೆಫ್ರಿನ್ ಎರಡನೇ ಸಲವೂ ಏರಿದ್ದರೆ ಆಪರೇಷನ್‌ಗೆ ಮುಂಚೆ 7ರಿಂದ 14 ದಿನ ಆಲ್ಫಾ ಬ್ಲಾಕರ್ (ಬಿಗಿದ ರಕ್ತನಾಳ ಸಡಿಲಿಸುವ ಗುಳಿಗೆ) ಬೇಕು: ಪ್ರಜೋಸಿನ್ ಅಥವಾ ಡಾಕ್ಸಜೋಸಿನ್, ಕೆಲವರು ಫಿನಾಕ್ಸಿಬೆಂಜಮಿನ್. ಅಕ್ಕ ನುಂಗುತ್ತಿರುವ ಮೆಟೊಪ್ರೊಲಾಲ್ ಬೀಟಾ ಬ್ಲಾಕರ್; ಅದರ ಬಗ್ಗೆ ಈಗಲೇ ವೈದ್ಯರನ್ನು ಕೇಳಿ. ಆಲ್ಫಾ ಬ್ಲಾಕರ್ ಇಲ್ಲದೆ ಬೀಟಾ ಬ್ಲಾಕರ್ ಮಾತ್ರ ಇದ್ದರೆ ರಕ್ತನಾಳ ಬಿಗಿಯುವ ಶಕ್ತಿಗೆ ಎದುರಿಲ್ಲದಂತಾಗಿ ಬಿಪಿ ಇನ್ನೂ ಏರಬಹುದು. ಹಾಗೆಂದು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ. ಆಲ್ಫಾ ಮೊದಲು ಹಿಡಿದ ಮೇಲೆ ಬೀಟಾ ಎಂಬ ಕ್ರಮವನ್ನು ಅವರೇ ಹೊಂದಿಸಲಿ. ಗುರಿ: ಕೂತಾಗ ಬಿಪಿ 130/80ರ ಒಳಗೆ, ನಿಂತಾಗ ಮೇಲಿನ ಅಂಕಿ 90ಕ್ಕಿಂತ ಕೆಳಗಿಳಿಯಬಾರದು. ಆಲ್ಫಾ ಬ್ಲಾಕರ್ ಶುರುವಾದ ಎರಡು-ಮೂರು ದಿನಕ್ಕೆ ಉಪ್ಪು, ನೀರು ಧಾರಾಳ ಕೊಡುತ್ತಾರೆ. ಆರು ವರ್ಷದಿಂದ ಉಪ್ಪಿಲ್ಲದ ಮಜ್ಜಿಗೆ ಕುಡಿದ ಅಕ್ಕನಿಗೆ ಇದು ವಿಚಿತ್ರ ಅನ್ನಿಸೀತು. ಬಿಗಿದುಕೊಂಡಿದ್ದ ನಾಳಗಳು ಸಡಿಲಾದಾಗ ತುಂಬಲು ದ್ರವ ಬೇಕು, ಇಲ್ಲದಿದ್ದರೆ ಗಡ್ಡೆ ತೆಗೆದ ಕ್ಷಣ ಬಿಪಿ ಪಾತಾಳಕ್ಕೆ. ಈ ದಿನಗಳಲ್ಲಿ ವಾಂತಿಗೆ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಬೇಡ ಎಂದು ಫೈಲಿನ ಮೇಲೆ ದೊಡ್ಡದಾಗಿ ಬರೆಸಿ. ರಾತ್ರಿ ಹೊತ್ತಿಗೆ ಕ್ಯಾಜುವಾಲ್ಟಿಯಲ್ಲಿ ಅದೇ ಕೈಗೆ ಸಿಗುವ ಔಷಧ.

ಗಡ್ಡೆ ಹೊರಬಂದ ಮೇಲಿನ ಮೊದಲ ಅರ್ಧ ಗಂಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಂಪೋಸಿಟ್ ಸಿಗುವುದೂ ಕಳೆದುಹೋಗುವುದೂ ಅಲ್ಲೇ. ಸಾಮಾನ್ಯ ತಪ್ಪು: 5 ಸೆಂ.ಮೀ. ಗಡ್ಡೆಯನ್ನು ಕೊಬ್ಬಿನ ಸಮೇತ ಸಣ್ಣ ಬಾಯಿಯ ಬಾಟಲಿಗೆ ತುರುಕಿ, ಮುಳುಗುವಷ್ಟೂ ಫಾರ್ಮಲಿನ್ ಇಲ್ಲದೆ ಮುಚ್ಚಳ ಹಾಕುವುದು. ಫಾರ್ಮಲಿನ್ ಒಳಗಿಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್. ನಡುಭಾಗಕ್ಕೆ ಅದು ತಲುಪುವಷ್ಟರಲ್ಲಿ ಅಲ್ಲಿನ ಕಣಗಳು ಕೊಳೆತಿರುತ್ತವೆ, ಬಣ್ಣ ಹಿಡಿಯುವುದಿಲ್ಲ. 10 ಶೇಕಡಾ ಬಫರ್ಡ್ ಫಾರ್ಮಲಿನ್ ಗಡ್ಡೆಯ ಹತ್ತು ಪಟ್ಟು ಇರಬೇಕು. ಅಗಲ ಬಾಯಿಯ ಡಬ್ಬಿ. ಪೆಥಾಲಜಿಗೆ ಆ ದಿನವೇ ತಲುಪಿದರೆ ಅವರು ಹೊರಮೈಗೆ ಶಾಯಿ ಹಚ್ಚಿ, ಕೊಬ್ಬು ಬಿಡಿಸಿ ತೂಗಿ, ಬ್ರೆಡ್ಡಿನಂತೆ ಹೋಳು ಮಾಡಿ ಇಡುತ್ತಾರೆ. ಥಿಯೇಟರಿನಲ್ಲೇ ‘ಒಳಗೆ ಏನಿದೆ ನೋಡೋಣ’ ಎಂದು ಸೀಳಬಾರದು. ಕವಚ ಒಡೆದದ್ದು ಆಪರೇಷನ್‌ನಲ್ಲೋ ಆಮೇಲೋ ಎಂಬ ಪ್ರಶ್ನೆಗೆ ಉತ್ತರವೇ ಉಳಿಯುವುದಿಲ್ಲ.

ಹೋಳು ಮಾಡಿದಾಗ ಬಣ್ಣಗಳೇ ಮಾತಾಡುತ್ತವೆ. ಕಾರ್ಟೆಕ್ಸ್ ಅರಿಶಿನ ಹಳದಿ. ಫಿಯೋಕ್ರೋಮೋಸೈಟೋಮಾ ಬೂದು-ಗುಲಾಬಿ, ಗಾಳಿಗೆ ಬಿಟ್ಟಂತೆ ಕಂದಾಗುತ್ತದೆ. ಗ್ಯಾಂಗ್ಲಿಯೋನ್ಯೂರೋಮಾ ಬಿಳಿಚಾಗಿ, ಗಟ್ಟಿಯಾಗಿ, ಸುಳಿಸುಳಿಯಾಗಿ ಕಾಣುತ್ತದೆ. ಪ್ರತಿ ಸೆಂಟಿಮೀಟರಿಗೆ ಕನಿಷ್ಠ ಒಂದು ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಣುಕು), ಜೊತೆಗೆ ಬಣ್ಣ ಬದಲಾದ ಪ್ರತಿ ಜಾಗದಿಂದ ಒಂದು. 5.2 ಸೆಂ.ಮೀ. ಗಡ್ಡೆಗೆ ಎರಡೇ ಬ್ಲಾಕ್ ತೆಗೆದು ‘ಫಿಯೋಕ್ರೋಮೋಸೈಟೋಮಾ’ ಎಂದು ಬರೆದ ರಿಪೋರ್ಟು ತಪ್ಪಲ್ಲದಿರಬಹುದು, ಪೂರ್ತಿಯಂತೂ ಅಲ್ಲ. ರಿಪೋರ್ಟಿನಲ್ಲಿ ಬ್ಲಾಕ್ ಸಂಖ್ಯೆ ನೋಡಿ. ಉಳಿದ ಅಂಗಾಂಶ ಡಬ್ಬಿಯಲ್ಲಿ ಇನ್ನೂ ಇದ್ದರೆ ಮತ್ತಷ್ಟು ತೆಗೆಯಿರೆಂದು ಕೇಳಬಹುದು. ಕೆಲವು ವಾರಗಳ ಮೇಲೆ ಡಬ್ಬಿ ಖಾಲಿ ಮಾಡುತ್ತಾರೆ, ತಡಮಾಡಬೇಡಿ.

ಮೈಕ್ರೋಸ್ಕೋಪಿನಲ್ಲಿ ಕಾಂಪೋಸಿಟ್ ಎನ್ನಲು ಗೂಡುಗೂಡಾದ ಮೆಡುಲ್ಲಾ ಕಣಗಳ ನಡುವೆ ದೊಡ್ಡ ಗ್ಯಾಂಗ್ಲಿಯಾನ್ ಕಣ ಮತ್ತು ಎಳೆಎಳೆಯಾದ ಶ್ವಾನ್ ಹಾಸು ಎರಡೂ ಬೇಕು. ಅಲ್ಲೊಂದು ಇಲ್ಲೊಂದು ಗ್ಯಾಂಗ್ಲಿಯಾನ್ ತರಹದ ಕಣ ಕಂಡರೆ ಸಾಲದು. ಸಣ್ಣ ದುಂಡು ನೀಲಿ ಕಣಗಳ ಗುಂಪು ಸಿಕ್ಕರೆ ನ್ಯೂರೋಬ್ಲಾಸ್ಟೋಮಾ ಭಾಗದ ಶೋಧ ಶುರುವಾಗಬೇಕು. ಕಾರ್ಟಿಕೋಮೆಡುಲ್ಲರಿ ಎನ್ನುವಲ್ಲಿ ದೊಡ್ಡ ಮೋಸವಿದೆ: ಫಿಯೋಕ್ರೋಮೋಸೈಟೋಮಾ ಬೆಳೆಯುತ್ತ ಅಂಚಿನ ಸಹಜ ಕಾರ್ಟೆಕ್ಸನ್ನು ಸುತ್ತುವರಿದು ನುಂಗಿರುತ್ತದೆ. ಅಂಚಿನಲ್ಲಿ ಸಿಕ್ಕಿಬಿದ್ದ ಕಾರ್ಟೆಕ್ಸ್ ಮಿಶ್ರ ಗಡ್ಡೆಯಲ್ಲ. ಗಡ್ಡೆಯ ನಟ್ಟನಡುವೆಯೂ ಎರಡೂ ಬೆರೆತಿರಬೇಕು.

ಕಣ ಯಾವ ಮೂಲದ್ದೆಂದು ಬಣ್ಣದಿಂದ ಗುರುತಿಸುವ ಇಮ್ಯುನೋ ಪರೀಕ್ಷೆಗೆ ಹಣ ಹೊಂದಿಸುವಾಗ ಯಾವ ಮಾರ್ಕರ್ ಯಾಕೆಂದು ತಿಳಿದಿರಲಿ. ಕ್ರೋಮೋಗ್ರಾನಿನ್ ಮೆಡುಲ್ಲಾದಲ್ಲಿ ಹಿಡಿಯುತ್ತದೆ, ಕಾರ್ಟೆಕ್ಸಿನಲ್ಲಿ ಹಿಡಿಯುವುದಿಲ್ಲ. ಸಿನಾಪ್ಟೋಫೈಸಿನ್ ಎರಡರಲ್ಲೂ ಹಿಡಿಯುತ್ತದೆ. ಅದೊಂದನ್ನೇ ಮಾಡಿಸಿ ಫಿಯೋಕ್ರೋಮೋಸೈಟೋಮಾ ಎಂದರೆ ಕಾರ್ಟಿಕಲ್ ಕಾರ್ಸಿನೋಮಾ ಕಣ್ತಪ್ಪಿ ಹೋಗಬಹುದು. ಕಾರ್ಟೆಕ್ಸಿಗೆ ಎಸ್‌ಎಫ್-1, ಅದು ಇಲ್ಲದಲ್ಲಿ ಇನ್ಹಿಬಿನ್, ಮೆಲಾನ್-ಎ. ಶ್ವಾನ್ ಹಾಸಿಗೆ ಎಸ್-100. ಬೆಳವಣಿಗೆಯ ವೇಗಕ್ಕೆ ಕೆಐ-67. ಈ ಐದು ಸಾಕು, ಸಂಶಯ ಉಳಿದರೆ ಮಾತ್ರ ಮುಂದೆ. ವೈಸ್ ಸ್ಕೋರ್ ಎಂಬುದು ಕಾರ್ಟೆಕ್ಸಿನ ಗಡ್ಡೆಗೆ: 9 ಲಕ್ಷಣಗಳಲ್ಲಿ 3 ಅಥವಾ ಹೆಚ್ಚಿದ್ದರೆ ಕ್ಯಾನ್ಸರ್. ಅದನ್ನು ಫಿಯೋಕ್ರೋಮೋಸೈಟೋಮಾಕ್ಕೆ ಹಾಕಬಾರದು. ಫಿಯೋಕ್ರೋಮೋಸೈಟೋಮಾದಲ್ಲಿ ‘ಬಿನೈನ್’ ಎಂಬ ಮಾತನ್ನು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ 2017ರಿಂದ ಬಿಟ್ಟಿದೆ. ಎಲ್ಲಕ್ಕೂ ಹರಡುವ ಸಾಧ್ಯತೆ ಇದೆ ಎಂದೇ ಹಿಡಿಯುತ್ತಾರೆ.

ಕಲಬುರಗಿ, ಬೀದರ್, ಯಾದಗಿರಿಯ ವೈದ್ಯಕೀಯ ಕಾಲೇಜುಗಳಲ್ಲಿ ಪೆಥಾಲಜಿ ವಿಭಾಗವಿದೆ, ಮೊದಲ ಓದು ಅಲ್ಲೇ ಆಗಲಿ. ಎರಡನೇ ಅಭಿಪ್ರಾಯಕ್ಕೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವುದಾದರೆ ರಿಪೋರ್ಟಿನ ಝೆರಾಕ್ಸ್ ಮಾತ್ರ ಒಯ್ದರೆ ಕೆಲಸವಾಗದು. ಸ್ಲೈಡು, ಮೇಣದ ಬ್ಲಾಕು, ಸಿಟಿಯ ಸಿಡಿ ಮೂರನ್ನೂ ರಸೀದಿ ಕೊಟ್ಟು ಬಿಡಿಸಿಕೊಳ್ಳಿ. ಬ್ಲಾಕಿನ ಮೇಣ 60 ಡಿಗ್ರಿ ಹತ್ತಿರ ಕರಗುತ್ತದೆ. ನಮ್ಮ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಹೆಚ್ಚು ಕಾಯುತ್ತದೆ, ಆದ್ದರಿಂದ ನೀರಿನ ಬಾಟಲಿಯ ಜೊತೆ ಕೈಚೀಲದಲ್ಲೇ ಇರಲಿ.

ಕೊನೆಗೆ ನಿಮ್ಮ ಪ್ರಶ್ನೆ, ನಮಗೂ ಬರುತ್ತದೆಯೇ ಎಂಬುದು. ಫಿಯೋಕ್ರೋಮೋಸೈಟೋಮಾ ಇರುವವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಹುಟ್ಟಿನಿಂದ ಬಂದ ಜೀನ್ ದೋಷ ಸಿಗುತ್ತದೆ: ಆರ್‌ಇಟಿ, ವಿಎಚ್‌ಎಲ್, ಎನ್‌ಎಫ್1, ಎಸ್‌ಡಿಎಚ್‌ಬಿ ಮೊದಲಾದವು. ಕಾಂಪೋಸಿಟ್‌ನಲ್ಲಿ ಎನ್‌ಎಫ್1 ಬಗ್ಗೆ ವಿಶೇಷ ಗಮನ ಬೇಕು; ಅದರ ಗುರುತು ಚರ್ಮದ ಮೇಲೆ ಕಾಣುತ್ತದೆ. ಅಕ್ಕನ ಮೈಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಮಚ್ಚೆಗಳು ಆರು ಅಥವಾ ಹೆಚ್ಚಿವೆಯೇ, ಒಂದೊಂದೂ ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡವೇ, ಕಂಕುಳಲ್ಲಿ ಎಳ್ಳು ಚೆಲ್ಲಿದಂತೆ ಚುಕ್ಕೆಗಳಿವೆಯೇ, ಮೆತ್ತನೆ ಗಂಟುಗಳಿವೆಯೇ ನೋಡಿ. ಇದಕ್ಕೆ ದುಡ್ಡು ಬೇಡ, ಬೆಳಕು ಸಾಕು. ಅಂತಿಮ ರಿಪೋರ್ಟು ಫಿಯೋಕ್ರೋಮೋಸೈಟೋಮಾ ಎಂದಾದರೆ ಜೀನ್ ಪರೀಕ್ಷೆ ಮೊದಲು ಅಕ್ಕನಿಗೆ. ಆಕೆಯಲ್ಲಿ ದೋಷ ಸಿಕ್ಕರೆ ಒಡಹುಟ್ಟಿದವರು, ಮಕ್ಕಳು ಆ ಒಂದು ದೋಷವನ್ನಷ್ಟೇ ಪರೀಕ್ಷಿಸಿಕೊಂಡರೆ ಆಯಿತು. ಸಿಗದಿದ್ದರೆ ಮನೆಮಂದಿಯೆಲ್ಲ ಸ್ಕ್ಯಾನಿಗೆ ಸಾಲು ನಿಲ್ಲಬೇಕಿಲ್ಲ. ಅಕ್ಕನಿಗೆ ಮಾತ್ರ ಆಪರೇಷನ್ ಆದ 2ರಿಂದ 6 ವಾರದೊಳಗೆ ಮೆಟಾನೆಫ್ರಿನ್ ಮತ್ತೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕನಿಷ್ಠ ಹತ್ತು ವರ್ಷ. ಪ್ರತಿ ಸಲವೂ ಅದೇ ಕ್ರಮ: ಚಹಾ ಇಲ್ಲ, ಅಂಗಾತ ಮಲಗಿ, ಅರ್ಧ ಗಂಟೆ ಸುಮ್ಮನೆ.